ಮೂರು ಗೆರೆ ವಿಭೂತಿ, ಆರು ಬ್ಯಾರಲ್ ನೀರು

ಏಪ್ರಿಲ್ 9, ಗುರುವಾರ

ರೊಟ್ಟಿ ಇವತ್ತೂ ಹರಿಯಿತು. ನನ್ನ ಕೈಯಲ್ಲಿ. ಅತ್ತಿಯವರು ಬಗ್ಗಿ ನೋಡಿ, "ಬಿಡವಾ, ಅದನ್ನ ಮುರದು ಮಜ್ಜಿಗ್ಯಾಗ ಹಾಕ್ಕೊಂಡು ನೀನ ತಿನ್ನು" ಅಂದರು. ಮದುವೆಯಾದ ಮರುದಿನದ ತೀರ್ಪು. ಇಂದಿಗೂ ಬದಲಾಗಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಎಂಥೆಂಥ ಹುಡುಗರಿಗೆ ಸಂಧಿ ಸಮಾಸ ಬಿಡಿಸಿದ್ದೇನೆ. ಜೋಳದ ಹಿಟ್ಟು ಮಾತ್ರ ನನ್ನ ಮಾತು ಕೇಳಲ್ಲ.

ಇರಲಿ. ಇಂದಿನ ಮುಖ್ಯ ಸುದ್ದಿ: ಮನೆಗೆ ವೈಫೈ ಬಂತು.

ಹತ್ತು ಗಂಟೆಗೆ ಬರುತ್ತೇನೆಂದ ಇಸ್ತಿಯಾಕ ಮೂರಕ್ಕೆ ಬಂದ. ಹುಬ್ಬಳ್ಳಿ ನವನಗರದ ಲೆಕ್ಕದಲ್ಲಿ ಇದು ವೇಳೆಗೆ ಸರಿಯಾಗಿ ಬಂದಂತೆ. ಬಾಜೂ ಮನೆ ಶರೀಫಾಬಿಯ ತಂಗಿ ಮಗ. ಹಾಲಿನಲ್ಲಿ, ಮುಂಬಾಗಿಲ ಪಕ್ಕದ ಗೋಡೆಗೆ ಬಿಳಿ ಡಬ್ಬಿ ಕೂಡ್ರಿಸಿದ. ಡಬ್ಬಿಗೆ ಎರಡು ಕೊಂಬು.

"ಮೇಡಂರೀ, ಈ ವೈರಿನೊಳಗ ಗಾಜಿನ ಎಳಿ ಐತ್ರಿ. ಮಡಚಬ್ಯಾಡ್ರಿ, ಜಗ್ಗಬ್ಯಾಡ್ರಿ. ಸರ್‌ಗೆ ಸ್ವಲ್ಪ ಜಾಸ್ತಿನ ಹೇಳ್ರಿ."

ಇವರನ್ನ, ನನ್ನ ಯಜಮಾನರನ್ನ, ಒಂದೇ ಸಲ ನೋಡಿದ್ದ. ಅಷ್ಟರಲ್ಲೇ ಹೇಗೆ ಗೊತ್ತಾಯಿತೋ.

ಇಷ್ಟು ದಿನ ನಮ್ಮ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಅಂದರೆ ಮಾಳಿಗೆ ಮೇಲೆ, ನೀರಿನ ಟಾಕಿ ಪಕ್ಕ, ಒಂದು ಕಾಲು ಕಟ್ಟೆ ಮೇಲಿಟ್ಟು ನಿಂತರೆ ಮಾತ್ರ. ಹಾಗೆ ನಿಂತು ಕೂಗಿ ಕೂಗಿ ನಮ್ಮ ಸಂಸಾರದ ಗುಟ್ಟೆಲ್ಲ ಓಣಿಗೆ ಬಾಯಿಪಾಠ. ಇನ್ನು ಮುಂದೆ ಗುಟ್ಟು ಮನೆಯೊಳಗೇ. ಓಣಿಯವರಿಗೆ ಬೇಜಾರಾಗಬಹುದು.

ಇಸ್ತಿಯಾಕ ಚಾಲೂ ಮಾಡಲು ಹೋದಾಗ ಅತ್ತಿಯವರು ತಡೆದರು. "ಹೊಸಾ ಮಷೀನ್ ಮನಿಗೆ ಬಂದೈತಿ. ಹಂಗ ಚಾಲೂ ಮಾಡ್ತೀರೇನು?" ಮಿಕ್ಸರ್, ವಾಷಿಂಗ್ ಮಷೀನ್, ಇವರ ಸ್ಕೂಟರ್, ಎಲ್ಲಕ್ಕೂ ಆದ ಮರ್ಯಾದೆ ಇದಕ್ಕೂ ಆಯಿತು. ಡಬ್ಬಿಯ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ನಡುವೆ ಕುಂಕುಮ. ಒಂದು ಕೊಂಬಿಗೆ ಮಲ್ಲಿಗೆ.

ಆಮೇಲೆ ನಮ್ಮ ಸೌಂದರ್ಯಾ ಫೋನು ತೋರಿಸಿದಳು. ಮೂಲೆಯಲ್ಲಿ ಪುಟ್ಟ ಗುರುತು, ಒಂದರ ಮೇಲೊಂದು ಬಾಗಿದ ಮೂರು ಗೆರೆ. ಅತ್ತಿಯವರು ಚಾಳೀಸು ಹಾಕಿಕೊಂಡು ನೋಡಿದರು. ಡಬ್ಬಿ ನೋಡಿದರು. ಮತ್ತೆ ಫೋನು ನೋಡಿದರು.

"ನೋಡ್ರಿ. ನಾ ಇಲ್ಲಿ ಹಚ್ಚಿದ್ದು ಅಲ್ಲಿ ಕಾಣಾಕತ್ತೈತಿ."

ಯಾರೂ ವಾದಿಸಲಿಲ್ಲ. ಬಿಎಸ್ಸಿ ಓದುವ ಮಗಳೂ. ಇವತ್ತಿನಿಂದ ಈ ಮನೆಯಲ್ಲಿ ಸಿಗ್ನಲ್ಲಿನ ಹೆಸರು ವಿಭೂತಿ.

ಏಪ್ರಿಲ್ 11, ಶನಿವಾರ

ಪಾಸ್‌ವರ್ಡ್ ಇಟ್ಟದ್ದು ಇವರು. ಬಹಳ ಯೋಚಿಸಿ, ಯಾರಿಗೂ ತಿಳಿಯದಂತೆ. ಸಂಜೆಯೊಳಗೆ ಶರೀಫಾಬಿಗೆ ಗೊತ್ತಿತ್ತು. ಹಾಲು ಹಾಕುವ ಸಾವಕ್ಕನಿಗೂ. ಕಟ್ಟೆ ಮೇಲೆ ಕೂತವರೆಲ್ಲ ಫೋನು ಹಿಡಿದು ನಮ್ಮ ಬಾಗಿಲ ಕಡೆ ಭಕ್ತಿಯಿಂದ ತಿರುಗಿದ್ದರು.

"ಯವ್ವಾ, ಅದನ್ನ ಮಂದಿಗೆ ಹೇಳಬಾರದು!" ಅಂತ ಇವರು.

"ಕೇಳಿದ್ರು, ಹೇಳಿದೆ. ಅದೇನು ನೀರೇನು, ಖಾಲಿ ಆಗಾಕ?"

ನೀರು. ಹೌದು. ಇಲ್ಲಿ ಜಲಖಾತೆಯ ಬಗ್ಗೆ ಬರೆಯಬೇಕು.

ನಮ್ಮಲ್ಲಿ ನಳದ ನೀರು ಬಂದಾಗ ಬಂತು. ನಾಲ್ಕು ದಿನಕ್ಕೆ, ವಾರಕ್ಕೆ, ಅದರ ಮರ್ಜಿ. ಮೇಲೆ ಟಾಕಿ ಇದೆ, ಕೆಳಗೆ ಸಂಪ್ ಇದೆ. ಆದರೆ ಕಣ್ಣಿಗೆ ಕಾಣದ ನೀರನ್ನು ಅತ್ತಿಯವರು ನೀರೆಂದು ಒಪ್ಪುವುದಿಲ್ಲ. ಆದ್ದರಿಂದ ಹಾಲಿನಿಂದ ಹಿಂದಿನ ಅಡಿಗೆಮನೆಗೆ ಹೋಗುವ ಸಂದಿಯಲ್ಲಿ ಆರು ನೀಲಿ ಬ್ಯಾರಲ್. ಜೋಡಿಜೋಡಿಯಾಗಿ, ಎದೆಮಟ್ಟ. ಮುಚ್ಚಳದ ಮೇಲೆ ತುಂಬಿದ ಸ್ಟೀಲಿನ ಕೊಡಗಳು, ಗೋಪುರದ ಕಳಶದ ಹಾಗೆ. ಉಳಿದ ಜಾಗದಲ್ಲಿ ಮನುಷ್ಯರು ಅಡ್ಡಡ್ಡ ಹೋಗಬೇಕು. ಇವರು ಹೊಟ್ಟೆ ಒಳಗೆಳೆದು ಹೋಗುತ್ತಾರೆ.

ಮನೆಯಲ್ಲಿ ಏನು ಕೇಳಿದರೂ ಸಿಗುತ್ತದೆ. ಉಪ್ಪಿನಕಾಯಿ, ಛತ್ರಿ, ಪಾಸ್‌ವರ್ಡ್. ಬ್ಯಾರಲ್ಲಿನ ನೀರು ಮಾತ್ರ ಕೇಳಬಾರದು. ಓಣಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಏಪ್ರಿಲ್ 14, ಮಂಗಳವಾರ

ಸೌಂದರ್ಯಾ ಮೊನ್ನೆ ತನ್ನ ಆಯಿಯ, ಅಂದರೆ ನಮ್ಮ ಅತ್ತಿಯವರ, ರೊಟ್ಟಿ ಬಡಿಯುವ ವಿಡಿಯೋ ನೆಟ್ಟಿಗೆ ಹಾಕಿದ್ದಳು. ಮುಖ ಇಲ್ಲ. ಬರೇ ಕೈ, ಬಳೆ, ಪಟಪಟ ಸಪ್ಪಳ, ಚಂದ್ರನ ಹಾಗೆ ಅಗಲವಾಗುವ ಹಿಟ್ಟು. ಅದನ್ನ ನೋಡಿ ಊರೂರ ಹೆಂಗಸರು ಬರೆದಿದ್ದಾರೆ: ಕಲಿಸ್ತೀರಾ?

ಮೇ 3, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಲೈವ್ ಕ್ಲಾಸ್. ನಿರ್ಧಾರ ಆಯಿತು.

ಅತ್ತಿಯವರ ಷರತ್ತು ಎರಡು. ಒಂದು: ಗ್ಯಾಸಿನ ಮೇಲೆ ಮಾಡುವುದಿಲ್ಲ. ಹಿಂದಿನ ಅಡಿಗೆಮನೆಯ ಮಣ್ಣಿನ ಒಲೆಯೇ ಆಗಬೇಕು, "ಗ್ಯಾಸಿನ್ ಮ್ಯಾಲಿಂದು ರೊಟ್ಟಿ ಅಲ್ಲ, ಕಾಗದ." ಎರಡು: ಕಲಿಯುವವರ ಕೈ ತಮಗೆ ಕಾಣಬೇಕು. "ಕೈ ಕಾಣಲಿಲ್ಲಂದ್ರ ನಾ ಬೈಯೂದು ಹೆಂಗ?"

ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಇದನ್ನೇ ಅರ್ಧ ಪುಟ ಬರೆದಿರುತ್ತಾರೆ.

ಆಮೇಲೆ, ಸೊಪ್ಪು ಸೋಸುತ್ತ, ಯಾರನ್ನೂ ನೋಡದೆ: "ಸೌಂದರ್ಯಾ, ನಿಮ್ಮಮ್ಮಗ ಸಾಲ್ಯಾಗ ಟೀಚರ್ ಅಂತಾರ. ಈ ಮಂದಿ ನನಗೇನಂತಾರ?"

"ಟೀಚರ್ ಅಂತನ ಅಂತಾರ, ಆಯಿ."

ಅತ್ತಿಯವರು ಸೋಸಿದ ಸೊಪ್ಪನ್ನೇ ಮತ್ತೊಮ್ಮೆ ಸೋಸಿದರು. ಸಂಜೆ ಇವರನ್ನ ಕರೆದುಕೊಂಡು ದೇಶಪಾಂಡೆ ನಗರಕ್ಕೆ ಹೋಗಿ ಹೊಸ ಇಳಕಲ್ ಸೀರೆ ತಂದರು. ಬರುತ್ತ ದಾರಿಯಲ್ಲಿ ಆಟೋದವನಿಗೂ ಕ್ಲಾಸಿನ ಸುದ್ದಿ ಹೇಳಿದರಂತೆ.

ಏಪ್ರಿಲ್ 16, ಗುರುವಾರ

ತಾಲೀಮು. ನಾನು ಹಾಲಿನಲ್ಲಿ ಫೋನು ಹಿಡಿದು ಶಿಷ್ಯೆ. ಅತ್ತಿಯವರು, ಸೌಂದರ್ಯಾ ಹಿಂದೆ ಒಲೆ ಮುಂದೆ.

"ಮದಲ ಬಿಸಿನೀರ—" ಅಂದರು. ನಿಂತಿತು. ಅತ್ತಿಯವರ ಬಾಯಿ ತೆರೆದೇ ಉಳಿಯಿತು. ಒಂದು ಕಣ್ಣು ಮುಚ್ಚಿತ್ತು. ಹಾಗೇ ಕೂತಿದ್ದಾರೆ, ಫೋಟೋ ತೆಗೆಸಿಕೊಂಡ ಹಾಗೆ. ಒಳಗಿನಿಂದ ನಿಜವಾದ ಧ್ವನಿ ಬಂತು: "ಭಾಗ್ಯಾ, ನಿನ್ನ ಮಾರಿ ನಿಂತೈತಿ ನೋಡು!"

ಹಾಲಿನಲ್ಲಿ ಮೂರು ಗೆರೆ. ಸಂದಿ ದಾಟಿದರೆ ಒಂದೂ ಇಲ್ಲ. ಮೊನ್ನೆ ಅಡಿಗೆಮನೆಯಲ್ಲೇ ಛಲೋ ಬರುತ್ತಿತ್ತು. ನಿನ್ನೆ ಇವತ್ತು ಏನಾಯಿತು?

ಪ್ರಕರಣವನ್ನು ಇವರು ಕೈಗೆತ್ತಿಕೊಂಡಿದ್ದಾರೆ. ಶ್ರೀಯುತ ಪ್ರಸಾದ, ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಕಾಳು, ಹಿಂಡಿ ವ್ಯಾಪಾರ. ಹಿಂಡಿ ಮೂಸಿ ನೋಡಿ ಯಾವ ಗಾಣದ್ದು ಅಂತ ಹೇಳುತ್ತಾರೆ. ರೌಟರನ್ನೂ ಹತ್ತಿರದಿಂದ ನೋಡಿದರು. ಮೂಸಿದರು ಅಂತ ನನ್ನ ಅನುಮಾನ.

ಏಪ್ರಿಲ್ 17, ಶುಕ್ರವಾರ

ತನಿಖಾ ವರದಿ: ವಾಸ್ತು ದೋಷ. ಡಬ್ಬಿ ಈಶಾನ್ಯಕ್ಕೆ ಇರಬೇಕಂತೆ.

ನಾನು: ವೈರು ಜಗ್ಗಬ್ಯಾಡ್ರಿ ಅಂದಾನ.

ಇವರು: ನಾ ಎಲ್ಲಿ ಜಗ್ಗಾಕತ್ತೇನಿ, ಸ್ವಲ್ಪ ಸರಸಾಕತ್ತೇನಿ.

ಕೆಂಪು ದೀಪ.

ಏಪ್ರಿಲ್ 22, ಬುಧವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಕೆಂಪು ದೀಪ. ಇಸ್ತಿಯಾಕನಿಗೆ ಫೋನು (ಮಾಳಿಗೆ, ಕಟ್ಟೆ ಮೇಲೆ ಕಾಲು). "ಹಾದ್ಯಾಗ ಅದೇನ್ರಿ ಮೇಡಂ." ದಿನಾ ಹಾದಿಯಲ್ಲೇ ಇದ್ದಾನೆ. ಅಷ್ಟು ಹಾದಿ ನಡೆದಿದ್ದರೆ ಇಷ್ಟರಲ್ಲಿ ಗೋವಾ ಮುಟ್ಟುತ್ತಿದ್ದ. ಕೊನೆಗೆ ಶರೀಫಾಬಿ ನಮ್ಮ ಕಂಪೌಂಡಿನ ಆಚೆಯಿಂದ ಒಂದೇ ಒಂದು ಕರೆ ಮಾಡಿದಳು. ಏನಂದಳೋ, ಉರ್ದು. ಚಹಾ ಆರುವುದರೊಳಗೆ ಬಂದ.

ಹೊಸ ವೈರು ಹಾಕಿದ. ಡಬ್ಬಿ ಮೊದಲಿನ ಜಾಗಕ್ಕೇ. ಇವರ ಕಡೆ ತಿರುಗಿ ಕೈ ಜೋಡಿಸಿದ: "ಸರ್, ನೀವು ಹಿಂಡಿ ಮಾರ್ರಿ. ನಾ ನಿಮ್ಮ ಅಂಗಡಿಗೆ ಬಂದು ಚೀಲಾ ಹೊಲ್ಯೂದಿಲ್ಲ."

ಇವರು ಡಬ್ಬಿ ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ಅತ್ತಿಯವರು ಆ ಮಾತಿಗೆ ಬಸವಣ್ಣನನ್ನ ಸಾಕ್ಷಿ ಕರೆದರು.

ಮತ್ತೆ ವಿಚಿತ್ರ: ಇವತ್ತು ಹಿಂದಿನ ಅಡಿಗೆಮನೆಯಲ್ಲಿ ಮೂರೂ ಗೆರೆ! ತಾಲೀಮು ಎಲ್ಲೂ ನಿಲ್ಲಲಿಲ್ಲ. ಅತ್ತಿಯವರು ಮನಸಾರೆ ನನ್ನನ್ನು ಬೈದರು. ಸ್ಪಷ್ಟವಾಗಿ ಕೇಳಿಸಿತು.

ಏಪ್ರಿಲ್ 23, ಗುರುವಾರ

ಬೆಳಿಗ್ಗೆ ನಳ ಬಂತು. ಮನೆಯೆಲ್ಲ ಪೈಪು, ಕೊಡ, ಕೂಗು.

ಮಧ್ಯಾಹ್ನ ತಾಲೀಮು. ವಿಭೂತಿ ಇಲ್ಲ. ಅಳಿಸಿ ಹೋಗಿದೆ.

ಇವರು ಡಬ್ಬಿ ಮುಟ್ಟಲಿಲ್ಲ, ಮಾತಿನ ಮನುಷ್ಯ. ಡಬ್ಬಿಯ ಹಿಂದೆ ಹಿತ್ತಾಳಿ ತಾಟು ನಿಲ್ಲಿಸಿದರು. ಅಲೆಗಳು ತಾಟಿಗೆ ಬಡಿದು ಅಡಿಗೆಮನೆ ಕಡೆ ಹಾರುತ್ತವಂತೆ. ಹಾರಲಿಲ್ಲ. ತಾಟು ಬಿತ್ತು. ಅತ್ತಿಯವರ ತವರಿನ ತಾಟು. ಈಗ ಇವರು ಅಂಗಡಿಯಲ್ಲಿ ಬಹಳ ಕೆಲಸವಿದೆಯೆಂದು ಹೋಗಿದ್ದಾರೆ.

ಏಪ್ರಿಲ್ 28, ಮಂಗಳವಾರ

ಪ್ರಕರಣ ಬಯಲಾಯಿತು. ನ್ಯೂಟನ್ನನ ಸೇಬು ಬೀಳುವ ಹೊತ್ತಿಗೆ ಅವನ ಮನೆಯಲ್ಲೂ ಹೀಗೇ ಯಾರೋ ಬ್ಯಾರಲ್ ತಿಕ್ಕುತ್ತಿದ್ದರೇನೋ.

ನೀರು ಮುಗಿದಿತ್ತು. ಅತ್ತಿಯವರು ಖಾಲಿ ಬ್ಯಾರಲ್‌ಗಳನ್ನು ತೊಳೆಯಲು ಅಂಗಳಕ್ಕೆ ಉರುಳಿಸಿದರು. ನಾನು ತೆಂಗಿನ ನಾರು ಹಿಡಿದು ತಿಕ್ಕುತ್ತಿದ್ದೆ. ಅಡಿಗೆಮನೆಯಲ್ಲಿ ಸೌಂದರ್ಯಾಳ ಫೋನಿನಲ್ಲಿ ಹಾಡು ಚಾಲೂ. ತಡೆಯೇ ಇಲ್ಲ. ಒಳಗೆ ಹೋಗಿ ನೋಡಿದೆ. ಮೂರು ಗೆರೆ, ಗಟ್ಟಿ.

ಸಂಜೆ ನಳ ಬಂತು. ನಾನು ಏನೂ ಹೇಳದೆ ಫೋನು ಹಿಡಿದು ಒಲೆ ಪಕ್ಕ ನಿಂತೆ. ಒಂದು ಬ್ಯಾರಲ್ ತುಂಬಿತು. ಮೂರು ಗೆರೆ. ಎರಡನೆಯದು, ಮೂರನೆಯದು. ಎರಡು ಗೆರೆ. ನಾಲ್ಕನೆಯದು. ಒಂದು. ಐದನೆಯದು, ಆರನೆಯದು ತುಂಬಿ, ಮೇಲೆ ಕೊಡಗಳು ಏರಿದವು. ಹಣೆ ಖಾಲಿ.

ಸೌಂದರ್ಯಾಳನ್ನ ಎಳೆದು ತಂದು ತೋರಿಸಿದೆ. ಅವಳು ಹಣೆ ಚಚ್ಚಿಕೊಂಡಳು. "ಮಮ್ಮೀ! ನೀರು ಈ ಅಲೆನ ಹೀರ್ಕೋತೈತಿ. ಮೈಕ್ರೋವೇವ್‌ನ್ಯಾಗ ಅನ್ನ ಮತ್ತ ಹೆಂಗ ಬಿಸಿ ಆಗ್ತೈತಿ? ಡಬ್ಬಿಗೂ ಒಲಿಗೂ ನಡು ನಾವು ನೀರಿನ ಗ್ವಾಡಿ ಕಟ್ಟೇವಿ."

ವಾಸ್ತು ಸರಿ ಇದೆ. ವೈರು ಸರಿ ಇದೆ. ವಿಭೂತಿಯನ್ನು ಅಳಿಸುತ್ತಿದ್ದದ್ದು ಸಾಕ್ಷಾತ್ ಜಲಮಂತ್ರಿಗಳು.

ಈ ಸುದ್ದಿಯನ್ನ ಅವರಿಗೆ ಹೇಳುವವರು ಯಾರು? ಚೀಟಿ ಎತ್ತಿದೆವು. ನನ್ನ ಹೆಸರೇ ಬಂತು. ಮೂರೂ ಚೀಟಿಯಲ್ಲಿ ನನ್ನ ಹೆಸರೇ ಇತ್ತು ಅಂತ ಆಮೇಲೆ ತಿಳಿಯಿತು.

ಏಪ್ರಿಲ್ 29, ಬುಧವಾರ

ಹೇಳಿದೆ.

"ಅಂದ್ರ ನನ್ನ ನೀರ ತಪ್ಪು ಮಾಡೈತಿ ಅಂತಿ."

"ಹಂಗಲ್ರಿ ಅತ್ತಿ, ಬ್ಯಾರಲ್ ಸ್ವಲ್ಪ ಸರಿಸಿದ್ರ..."

"ಎಲ್ಲಿಗೆ? ಅಂಗಳದಾಗ ಇಟ್ರ ಬಿಸಲಿಗೆ ಕಾಯ್ತೈತಿ, ಪಾಚಿ ಹಿಡೀತೈತಿ. ಮಾಳಿಗಿ ಮ್ಯಾಲೆ ನೀ ಹೊರ್ತೀಯೇನು? ನಿಮ್ಮ ಮಾವನವರು ಇದ್ದಾಗಿಂದ ಅಲ್ಲೇ ಅದಾವು. ಮನ್ನಿ ಬಂದ ಡಬ್ಬಿ ಸಲುವಾಗಿ ಅವು ಎದ್ದು ನಿಲ್ಲಬೇಕ?"

ಇವರು ಧೈರ್ಯ ಮಾಡಿದರು: "ಯವ್ವಾ, ಹಂಗಾದ್ರ ಈ ಸಲ ಅರ್ಧ ತುಂಬೂಣು."

ಅತ್ತಿಯವರು ಮಗನನ್ನ ನೋಡಿದ ನೋಟ ಬರೆಯಲು ನನಗೆ ಶಬ್ದವಿಲ್ಲ. ನಳ ಬಂದಾಗ ಬ್ಯಾರಲ್ ಅರ್ಧ ಬಿಡುವುದು! ಹುಬ್ಬಳ್ಳಿಯಲ್ಲಿ ಹುಟ್ಟಿದವನ ಬಾಯಲ್ಲಿ ಈ ಮಾತು!

"ಕ್ಲಾಸ್ ಬ್ಯಾಡ" ಅಂದರು. "ಆ ಮಂದಿಗೆ ಹೇಳಿಬಿಡು, ಸೌಂದರ್ಯಾ. ಮುದುಕಿಗೆ ಆರಾಮಿಲ್ಲ ಅಂತ ಹೇಳು."

ಹೊಸ ಸೀರೆ ಟ್ರಂಕಿನೊಳಗೆ ಹೋಯಿತು. ಊಟದ ಹೊತ್ತಿಗೆ ರೊಟ್ಟಿ ಮುರಿಯುವ ಸಪ್ಪಳ ಅಷ್ಟೇ.

ಮೇ 1, ಶುಕ್ರವಾರ

ಇವತ್ತು ಕದ್ದು ನೋಡಿದ್ದು. ಬರೆದಿಡಲೇಬೇಕು.

ಮಧ್ಯಾಹ್ನ ಎಲ್ಲರೂ ಮಲಗಿದ್ದೇವೆಂದು ಅತ್ತಿಯವರು ತಿಳಿದಿದ್ದರು. ನೀರು ಕುಡಿಯಲು ಸಂದಿಯಲ್ಲಿ ಅಡ್ಡಡ್ಡ ಹೋದೆ. ಒಳಗೆ ಮಾತು ಕೇಳಿತು. ನಿಂತೆ.

ಅತ್ತಿಯವರು ಹಿಟ್ಟು ನಾದುವ ಪರಾತದ ಮುಂದೆ ಕೂತಿದ್ದಾರೆ. ಎದುರಿಗೆ ಸಾಲಾಗಿ ಸ್ಟೀಲಿನ ಡಬ್ಬಿಗಳು. ಸಕ್ಕರಿ, ಬ್ಯಾಳಿ, ಹುಣಸಿಹಣ್ಣು, ಶೇಂಗಾ. ಕೈಯಲ್ಲಿ ಹಿಟ್ಟು.

"ಏ ಹುಣಸಿಹಣ್ಣು, ಅಂಚು ನೋಡು ಅಂಚು. ಒಡ್ಯಾಕತ್ತೈತಿ. ಲಗೂ ಮಾಡಬ್ಯಾಡ. ಹಿಟ್ಟು ತಾನ ತಿರಗತೈತಿ, ನೀ ಕೈ ಅಷ್ಟ ಕೊಡು... ಸಕ್ಕರಿ, ನೀ ಛಲೋ ಮಾಡಾಕತ್ತೀದಿ. ಶಾಣ್ಯಾಕಿ."

ಹಿಟ್ಟನ್ನ ಅರ್ಧ ಸುತ್ತು ತಿರುಗಿಸಿದರು. ಮತ್ತೆ, ಬಹಳ ಸಣ್ಣ ಧ್ವನಿ, ಬೇರೆ ಯಾರದೋ ಧ್ವನಿ ಮಾಡಿಕೊಂಡು: "ಹೂಂ ರೀ ಟೀಚರ್."

ತಾವೇ ಹೇಳಿ, ತಾವೇ ನಕ್ಕರು.

ನೀರು ಕುಡಿಯದೆ ವಾಪಸ್ ಬಂದೆ. ಸೌಂದರ್ಯಾಳನ್ನ ಎಬ್ಬಿಸಿದೆ. "ಕ್ಲಾಸ್ ರದ್ದು ಅಂತ ಹೇಳಿಬಿಟ್ಟೀಯೇನು?"

"ಹುಚ್ಚೇನು ಮಮ್ಮಿ? ನಾ ಎಲ್ಲಿ ಹೇಳೇನಿ."

ಮಗಳು ಯಾರನ್ನ ಹೋಲುತ್ತಾಳೋ, ಛಲೋ ಹೋಲುತ್ತಾಳೆ.

ಮೇ 2, ಶನಿವಾರ

ಸಂಧಾನ. ಷರತ್ತು ಹೀಗೆ: ನಡುವೆ ಇಬ್ಬರು ನೆಂಟರು ಬಂದು ಉಳಿದು ಹೋದದ್ದರಿಂದ, ಬಟ್ಟೆ ಒಗೆದದ್ದರಿಂದ, ಬ್ಯಾರಲ್ ಈಗಾಗಲೇ ತಳ ಕಂಡಿವೆ. ವಿಭೂತಿ ಎರಡೂವರೆ ಗೆರೆ. ನಳ ಬರುವುದು ಸೋಮವಾರ ಅಂತ ಓಣಿಯ ಅಂದಾಜು. ಆದ್ದರಿಂದ ಯಾರೂ ಯಾವ ಬ್ಯಾರಲ್ಲನ್ನೂ ಮುಟ್ಟುವುದು ಬೇಡ. ಎರಡೂ ಪಕ್ಷದ ಮರ್ಯಾದೆ ಉಳಿಯಿತು.

"ನಾಳಿ ನೀರ ಬರಲಿಲ್ಲಂದ್ರ ನೋಡೂಣು" ಅಂದರು ಅತ್ತಿಯವರು. ಸೀರೆ ಟ್ರಂಕಿನಿಂದ ಹೊರಗೆ ಬಂತು. ನಳ ಬರದಿರಲಿ ಅಂತ ಈ ಊರಿನಲ್ಲಿ ಮನುಷ್ಯರು ಪ್ರಾರ್ಥಿಸಿದ್ದು ಇದೇ ಮೊದಲು ಇರಬೇಕು.

ಮೇ 3, ಭಾನುವಾರ, ಬೆಳಿಗ್ಗೆ 6

ನಳ ಬಂತು.

ಅದೇ ದಿನ, 10 ಗಂಟೆ

ನಾವು ಎದ್ದು ಸ್ನಾನ ಮುಗಿಸುವುದರೊಳಗೆ ಆರೂ ಬ್ಯಾರಲ್ ತುಂಬಿ, ಮೇಲೆ ಕೊಡ ಏರಿ, ನಳ ನಿಂತೂ ಹೋಗಿತ್ತು. ಅತ್ತಿಯವರು ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಂದಿಯಲ್ಲಿ ನಿಂತಿದ್ದಾರೆ, ಒದ್ದೆ ಕೈ.

"ಕೈ ಕೇಳಲಿಲ್ಲ ಭಾಗ್ಯಾ. ನಳದ ಸಪ್ಪಳ ಕೇಳಿದ ಕೂಡ್ಲೆ ಪೈಪ್ ಹಿಡೀತು."

ವಿಭೂತಿ ಇಲ್ಲ. ಒಂದು ಗೆರೆಯೂ ಇಲ್ಲ. ಇವರು ಡಬ್ಬಿಯನ್ನ ನೋಡಿದರು, ಬಸವಣ್ಣನ ಫೋಟೋ ನೋಡಿದರು, ಕೈ ಹಿಂದೆ ಕಟ್ಟಿಕೊಂಡರು. ಇಸ್ತಿಯಾಕ ಹಾದಿಯಲ್ಲಿದ್ದಾನೆ.

ಹನ್ನೊಂದಕ್ಕೆ ಹದಿನೈದು ಹೆಂಗಸರು ಹಿಟ್ಟು ಹಿಡಿದು ಕೂಡುತ್ತಾರೆ. ಯಾರೋ ಕರೆಯುತ್ತಿದ್ದಾರೆ. ಶರೀಫಾಬಿ. ಹೋಗಿ ನೋಡ

ಅದೇ ದಿನ, ಸಂಜೆ

ಕೈ ನೋಯುತ್ತಿದೆ. ಕೊಡ ಹೊತ್ತು ಭುಜ, ನಕ್ಕು ಹೊಟ್ಟೆ. ಪೂರ್ತಿ ಬರೆಯುತ್ತೇನೆ.

ಶರೀಫಾಬಿ ಕಂಪೌಂಡಿನ ಆಚೆ ಎರಡು ಕೊಡ ಹಿಡಿದು ನಿಂತಿದ್ದಳು. ಮುಖ ಸಣ್ಣದಾಗಿತ್ತು. "ಭಾಗ್ಯಶ್ರೀ, ನಮ್ಮ ಮೋಟಾರ್ ಸುಟ್ಟೈತಿ. ಒಂದ್ ಹನಿ ಏರಲಿಲ್ಲ. ಮಧ್ಯಾಹ್ನ ಬೀಗರು ಬರ್ತಾರ. ಅಕ್ಕಗ ಕೇಳಾಕ ಧೈರ್ಯ ಆಗವಲ್ದು. ಎರಡ ಕೊಡ ಅಷ್ಟ."

ಅತ್ತಿಯವರು ಹಿಂದೆಯೇ ಬಂದಿದ್ದರು. ಕೇಳಿಸಿಕೊಂಡರು.

ಒಳಗೆ ತಿರುಗಿ ಬ್ಯಾರಲ್ ಸಾಲು ನೋಡಿದರು. ಸೌಂದರ್ಯಾಳ ಕೈಯ ಫೋನು ನೋಡಿದರು. ಮತ್ತೆ ಬ್ಯಾರಲ್ ನೋಡಿದರು. ನಾನು ಉಸಿರು ಬಿಗಿ ಹಿಡಿದೆ. ಇವರು ಹೊಟ್ಟೆ ಬಿಗಿ ಹಿಡಿದರು, ಅಭ್ಯಾಸಬಲ.

"ಎರಡ ಕೊಡದಾಗ ಬೀಗರ ಮಾರಿ ತೊಳದೀತೇನು ಶರೀಫಾ?" ಅಂದರು. "ಬ್ಯಾರಲ್ ಒಯ್ಯ."

"ಬ್ಯಾರಲ್ಲ?"

"ಆರೂ ಒಯ್ಯ. ಲಗೂ ಒಯ್ಯ, ನನ್ನ ಸಾಲಿ ಸುರು ಆಗ್ತೈತಿ!"

ಶರೀಫಾಬಿ ನನ್ನ ಕಡೆ ನೋಡಿದಳು: ಅಕ್ಕನಿಗೆ ಜ್ವರ ಏನಾದರೂ ಬಂದಿದೆಯಾ ಅಂತ.

ಆಮೇಲೆ ನಡೆದದ್ದು ಯುದ್ಧ. ಇವರು ಬನಿಯನ್ ಮೇಲೆ. ತುಂಬಿದ ಬ್ಯಾರಲ್ ಯಾರ ಅಪ್ಪನಿಗೂ ಅಲುಗುವುದಿಲ್ಲ, ಆದ್ದರಿಂದ ಕೊಡ, ಬಕೀಟು, ಪಾತೇಲಿ, ಎಲ್ಲ ಹೊರಬಂದವು. ಸಂದಿಯಿಂದ ಅಂಗಳ, ಅಂಗಳದಿಂದ ಕಂಪೌಂಡು, ಕಂಪೌಂಡಿನ ಆಚೆ ಶರೀಫಾಬಿ. ಸಾವಕ್ಕ ಹಾಲಿನ ಲೆಕ್ಕ ಕೇಳಲು ಬಂದವಳು ಸಾಲಿನಲ್ಲಿ ನಿಂತಳು. ಕಟ್ಟೆಯ ಮೇಲೆ ನಮ್ಮ ವೈಫೈ ಉಣ್ಣುತ್ತಿದ್ದ ಮಂದಿಯನ್ನೆಲ್ಲ ಅತ್ತಿಯವರು ಕರೆದರು: "ಏಳ್ರಿ! ಪುಕಟ್ ವಿಭೂತಿ ಹಚ್ಚಿಕೊಂಡೀರಿ, ಕೊಡ ಹೊರ್ರಿ!"

ಸೌಂದರ್ಯಾ ಒಲೆ ಪಕ್ಕ ಫೋನು ಹಿಡಿದು ಕೂಗುತ್ತಿದ್ದಳು. ಅಪ್ಪನ ಯಾರ್ಡಿನಲ್ಲಿ ಹರಾಜು ಕೂಗುವ ಧಾಟಿ, ಹುಬೇಹೂಬ. "ಒಂದನೇ ಬ್ಯಾರಲ್ ಖಾಲಿ, ಏನೂ ಇಲ್ಲ... ಎರಡು ಖಾಲಿ, ಒಂದ್ ಗೆರೀ! ಒಂದ್ ಗೆರಿ ಬಂತು ನೋಡ್ರಿ! ಮೂರು... ಮೂರು... ಎರಡ್ ಗೆರೀ!"

ಎರಡು ಗೆರೆಗೆ ಹನ್ನೊಂದಾಯಿತು. ಫೋನಿನ ಪರದೆ ಮೇಲೆ ಚೌಕಗಳು ಒಂದೊಂದೇ ತೆರೆದವು. ದಾವಣಗೆರೆ, ಪುಣೆ, ಮೈಸೂರು, ರಾಯಚೂರು. ಅತ್ತಿಯವರು ಒಲೆ ಮುಂದೆ ಕೂತರು. ಸೆರಗು ಸರಿ ಮಾಡಿಕೊಂಡರು. ಹದಿನೈದು ಜೋಡಿ ಕೈ ನಮಸ್ಕಾರ ಮಾಡಿದವು. ಯಾರೋ ಅಂದರು: "ನಮಸ್ಕಾರ ಟೀಚರ್."

ಅತ್ತಿಯವರು ಪರಾತದ ಹಿಟ್ಟನ್ನ ನಡುವಿಗೆ ಗುಡ್ಡೆ ಮಾಡಿದರು. ಆಮೇಲೆ ತಲೆ ಎತ್ತಿ, "ಉಗುರು ತೋರಸ್ರಿ ಎಲ್ಲಾರೂ" ಅಂದರು.

ನನ್ನನ್ನ ಸೌಂದರ್ಯಾ ಹಾಲಿಗೆ ಓಡಿಸಿದಳು, ಆ ಕಡೆ ಹೇಗೆ ಕಾಣುತ್ತದೆ ನೋಡಿ ಹೇಳಲು. ಫೋನು ಸ್ಟೂಲಿಗೆ ಒರಗಿಸಿ ಕೂತೆ. ಸುಮ್ಮನೆ ಯಾಕೆ ಕೂಡುವುದೆಂದು ನಾನೂ ಸ್ವಲ್ಪ ಹಿಟ್ಟು ತಂದಿದ್ದೆ. ಹದಿನಾರನೆಯ ಚೌಕ. ಬರೇ ಕೈ ಕಾಣುತ್ತದೆ.

ಮೈಸೂರಿನಾಕೆ ಕೇಳಿದಳು: "ಟೀಚರ್, ಹಿಟ್ಟು ಎಷ್ಟು ಗ್ರಾಂ ತಗೋಬೇಕು?"

"ಮನಿಯಾಗ ಎಷ್ಟ ಮಂದಿ ಇದ್ದೀರಿ?"

"ನಾವಿಬ್ರೇ."

"ಹಂಗಾದ್ರ ನಾಕ್ ಮಂದೀದು ತೊಗೋ. ಇಬ್ಬರದು ಅಷ್ಟ ಮಾಡಿದ್ರ ರೊಟ್ಟಿ ಸಿಟ್ಟಾಗ್ತೈತಿ."

ಬಿಸಿನೀರು ಹೊಯ್ಯುವ ಘಟ್ಟ ಬಂತು. ಆಗಲೇ ನಿಂತಿತು. ಒಲೆ ಮುಂದಿನ ಫೋನಿನಲ್ಲಿ ದಾವಣಗೆರೆಯಾಕೆ ಕೈ ಮೇಲೆತ್ತಿ ಕಲ್ಲಾದಳಂತೆ. ಸಂದಿಯಲ್ಲಿ ಇನ್ನೂ ಎರಡು ಬ್ಯಾರಲ್ ತುಂಬಿದ್ದವು. ಹೊರುವವರು ಕಟ್ಟೆಗೆ ಕೂತು ಚಹಾದ ಮಾತೆತ್ತಿದ್ದರು.

ಒಳಗಿನಿಂದ ಇವರ ಧ್ವನಿ ಕೇಳಿತು, ಮೆತ್ತಗೆ. "ಯವ್ವಾ, ಎರಡ ಉಳಿದಾವು. ಅವನ್ನ ಇಟ್ಕೊಳ್ಳೂಣೇನು? ಮತ್ತ ಯಾವಾಗ ಬರ್ತೈತೋ..."

"ಹದಿನೈದ ಹುಡುಗ್ಯಾರ ಕೈ ಒಣಗಾಕತ್ತಾವು" ಅಂದರು ಅತ್ತಿಯವರು. "ಅವನ್ನೂ ಒಯ್ರಿ."

ಹುಡುಗಿಯರಲ್ಲಿ ರಾಯಚೂರಿನಾಕೆಗೆ ಮೊಮ್ಮಕ್ಕಳಿದ್ದಾರೆ. ಇರಲಿ.

ಕೊನೆಯ ಕೊಡ ಕಂಪೌಂಡು ದಾಟಿತು. ದಾವಣಗೆರೆಯ ಕೈ ಇಳಿಯಿತು. "ಮೂರ್ ಗೆರೀ!" ಅಂತ ಸೌಂದರ್ಯಾ ಕೂಗಿದ್ದು ಹದಿನೈದು ಮನೆಗೂ ಕೇಳಿಸಿತು. ಪುಣೆಯಾಕೆ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದಳು.

"ಈಗ ಬಿಸಿನೀರ ಹಾಕ್ರಿ" ಅಂದರು ಟೀಚರ್. ಹಿಂದೆ ಕೈ ಚಾಚಿದರು. ತಂಬಿಗೆ ಎತ್ತಿದರು. ಹಗುರ.

ಮನೆಯಲ್ಲಿ ನೀರೇ ಇರಲಿಲ್ಲ.

ಉತ್ಸಾಹದಲ್ಲಿ ನಾವು ಒಲೆಯ ಮೇಲೆ ಕುದಿಯುತ್ತಿದ್ದ ಪಾತೇಲಿಯನ್ನೂ ಕಂಪೌಂಡು ದಾಟಿಸಿದ್ದೆವು. ಇವರು. ಬೇರೆ ಯಾರು? ಟಾಕಿ, ಸಂಪ್ ಇವೆ, ಆದರೆ ಅದು ನೀರಲ್ಲವೆಂದು ಇಷ್ಟು ವರ್ಷ ಹೇಳಿದವರು ಈಗ ಹದಿನೈದು ಜನರೆದುರು ಅದನ್ನ ಮುಟ್ಟುತ್ತಾರೆಯೇ?

ಮುಟ್ಟಲಿಲ್ಲ. ಹಿಂದಿನ ಕಿಟಕಿ ಕಡೆ ತಿರುಗಿ, ಓಣಿ ಕೇಳುವಂತೆ: "ಶರೀಫಾ! ಒಂದ್ ತಂಬಿಗಿ ನೀರ ಕೊಡು!"

ಅತ್ತಿಯವರು ಯಾರನ್ನಾದರೂ ನೀರು ಕೇಳಿದ್ದನ್ನ ನಾನು ಇದುವರೆಗೆ ಕಂಡಿರಲಿಲ್ಲ.

ಕಿಟಕಿಯ ಸರಳಿನೊಳಗಿಂದ ಹಸಿರು ಗಾಜಿನ ಬಳೆಯ ಕೈಯೊಂದು ಚೌಕದೊಳಗೆ ಬಂತು. ಕೈಯಲ್ಲಿ ಹೊಗೆಯಾಡುವ ತಂಬಿಗೆ. "ಕುದ್ದದ್ದನ್ನ ಕೊಟ್ಟೇನಿ ಅಕ್ಕಾ. ನಿಮ್ಮದ, ನಿಮಗ."

"ಇಕಿ ಶರೀಫಾ" ಅಂತ ಅತ್ತಿಯವರು ಕ್ಲಾಸಿಗೆ ಪರಿಚಯ ಮಾಡಿಕೊಟ್ಟರು. "ಬಾಜೂ ಮನಿಯಾಕಿ. ರೊಟ್ಟಿ ಮಾಡಬೇಕಂದ್ರ ಮದಲ ಇಂಥಾಕಿ ಒಬ್ಬಾಕಿ ಬೇಕು. ಬರಕೋರಿ."

ಹದಿನೈದು ಮಂದಿಯೂ ಬರೆದುಕೊಂಡರು, ಖರೇ.

ಆಮೇಲೆ ಪಟಪಟ. ಹದಿನೈದು ಊರಿನ ಪಟಪಟ ಒಂದೇ ಡಬ್ಬಿಯೊಳಗಿಂದ. ಮಳೆ ಬಂದ ಹಾಗೆ. ಮೈಸೂರಿನ ಅಂಚು ಒಡೆಯಿತು, ಬೈಸಿಕೊಂಡಳು, ಖುಷಿಯಾದಳು. ನಾನು ತಲೆ ತಗ್ಗಿಸಿ ಬಡಿಯುತ್ತಿದ್ದೆ. ಆಗ:

"ಆ ಕೆಳಗಿನ ಮೂಲ್ಯಾಗ ಇರಾಕಿ ಯಾರು? ರೊಟ್ಟಿ ತಟ್ಟಾಕತ್ತಾಳೋ, ರೊಟ್ಟಿಗೆ ಬುದ್ಧಿ ಹೇಳಾಕತ್ತಾಳೋ?"

ಎಲ್ಲ ನಕ್ಕರು. ನಾನು ಬಡಿಯುತ್ತಲೇ ಇದ್ದೆ. ಬರೇ ಕೈ ತಾನೆ ಕಾಣುವುದು.

ಅತ್ತಿಯವರು ಚಾಳೀಸು ಹಾಕಿಕೊಂಡು ಫೋನಿನ ಹತ್ತಿರ ಬಂದರು. ಚೌಕದ ತುಂಬ ಒಂದು ಕಣ್ಣು.

"ಆ ಬಳಿ ನಾನ ಕೊಡಿಸಿದ್ದು."

ಹದಿನೈದು ಊರಿನ ಪಟಪಟ ನಿಂತಿತು.

"ಹೆಬ್ಬೆರಳು ಎತ್ತು" ಅಂದರು. ಎಂದೂ ಕೇಳದ ಧ್ವನಿ. ಡಬ್ಬಿಗಳ ಮುಂದೆ ಕೂತಾಗಿನ ಧ್ವನಿ. "ಹೆಬ್ಬೆರಳು ಒತ್ತತಿ, ಅದಕ್ಕ ಹರೀತೈತಿ. ಇಷ್ಟ ದಿನಾ ನಿನ್ನ ಬಾಜೂ ನಿಂತಿದ್ದೆ, ಕಾಣಲಿಲ್ಲ. ಈಗ ಎದುರಿಗೆ ಕುಂತಿ, ಕಂಡಿತು. ಹಾಂ. ಹಂಗ. ತಿರಗಲಿ ಬಿಡು."

ತಿರುಗಿತು.

"ಹೂಂ ರೀ ಟೀಚರ್" ಅಂದೆ.

ಮೇ 6, ಬುಧವಾರ

ಸಚಿವ ಸಂಪುಟದ ಪುನಾರಚನೆ. ಬ್ಯಾರಲ್ ಹಾಲಿಗೆ ಬಂದವು, ಕಿಟಕಿ ಕೆಳಗೆ, ಡಬ್ಬಿಗೂ ಒಲೆಗೂ ಅಡ್ಡ ಬಾರದ ಗೋಡೆಗೆ. ಸೋಫಾ ಸಂದಿಗೆ ಹೋಯಿತು. ಬಂದವರನ್ನ ಸಂದಿಯಲ್ಲಿ ಸಾಲಾಗಿ ಕೂಡ್ರಿಸುತ್ತೇವೆ, ಬಸ್ಸಿನ ಹಾಗೆ. ಪೇಪರ್ ಓದಲು ಇವರಿಗೆ ಬೆಳಕಿಲ್ಲ. ಮನವಿ ತಿರಸ್ಕೃತವಾಗಿದೆ.

"ಅತ್ತಿ, ಹಾಲಿನ್ಯಾಗ ಬ್ಯಾರಲ್ ಇಟ್ರ ಬಂದವರು ಏನಂತಾರ?"

"ನೀರು ಐತಿ ಇವರ ಮನ್ಯಾಗ ಅಂತಾರ. ಅನ್ನಲಿ."

ಇಸ್ತಿಯಾಕ ಇವತ್ತು ಬಂದ. ಭಾನುವಾರ ಕರೆದಿದ್ದಕ್ಕೆ. ಬ್ಯಾರಲ್ ನೋಡಿ, ಸೋಫಾ ನೋಡಿ, ಡಬ್ಬಿಯ ಹಣೆಯ ವಿಭೂತಿ ನೋಡಿ, ಏನೂ ಕೇಳದೆ ಚಹಾ ಕುಡಿದು ಹೋದ.

ಮೇ 9, ಶನಿವಾರ

ನಾಳೆ ಎರಡನೇ ಕ್ಲಾಸ್. ಇಪ್ಪತ್ತೆರಡು ಚೌಕ. ಶರೀಫಾಬಿಗೆ ವಿಶೇಷ ಆಹ್ವಾನ, ಹಸಿರು ಬಳೆಯ ಕೈಯನ್ನ ಎಲ್ಲರೂ ಕೇಳುತ್ತಿದ್ದಾರಂತೆ. ಅವಳ ಮೋಟಾರ್ ಇನ್ನೂ ರಿಪೇರಿಯಲ್ಲಿ.

ಇವತ್ತು ಬೆಳಿಗ್ಗೆ ಒಲೆ ಮುಂದೆ ನಾನು ಕೂತೆ. ಎದುರಿಗೆ ಅತ್ತಿಯವರು. ಪಕ್ಕಕ್ಕಲ್ಲ, ಎದುರಿಗೆ. ಹೆಬ್ಬೆರಳು ಎತ್ತಿದೆ. ಅಂಚು ಒಡೆಯಲಿಲ್ಲ. ತವೆಗೆ ಹಾಕುವಾಗ ಮಡಚಲಿಲ್ಲ. ನೀರು ಸವರಿದೆ, ತಿರುವಿದೆ. ಉಬ್ಬಿತು. ಪೂರ್ತಿ, ಅಂಚಿನಿಂದ ಅಂಚಿಗೆ.

ಅತ್ತಿಯವರು ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಮಜ್ಜಿಗೆಯ ಮಾತೇ ಎತ್ತದೆ, ನನ್ನ ಕಡೆ ನೋಡಿ ಅಂದರು —

ತಡಿ. ನಳ ಬಂತು. ಕೂಗುತ್ತಿದ್ದಾರೆ. ಮೊದಲು ಶರೀಫಾಬಿಯ ಕೊಡ ತುಂಬಬೇಕಂತ, ಆಮೇಲೆ ನಮ್ಮ ಬ್ಯಾರ